ಬಿಡುವೆಂಬ ಅಪ್ಪಣೆ

ಇಂಗ್ಲಿಷು ಕಲಿಸುವ ಪಾಠಪುಸ್ತಕಗಳಲ್ಲಿ ಬಿಡುವಿನ ವೇಳೆಯ ಮಾತುಗಳಿಗೆಂದೇ ಒಂದು ಪಾಠವಿರುವುದುಂಟು. ಹಾಬಿ, ಲೆಷರ್, ಹಾಲಿಡೇ, ವೀಕೆಂಡ್ - ನೋಡಲು ಎಲ್ಲವೂ ಹಗುರವಾದ ಮಾತುಗಳೇ. ಆದರೆ ಅವುಗಳ ಬೆನ್ನಿಗೆ ಒಂದು ಜನಾಂಗದ ದುಡಿಮೆಯ ಚರಿತ್ರೆಯೇ ಇದೆಯೆಂಬುದನ್ನು ಆ ಪಾಠಗಳು ಹೇಳುವುದಿಲ್ಲ.

ಹಾಬಿಯನ್ನೇ ಮೊದಲು ನೋಡೋಣ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಹಾಬಿ ಎಂದರೆ ಒಂದು ತಟ್ಟುಕುದುರೆ. ಹಬ್ಬದ ಕುಣಿತಗಳಲ್ಲಿ ಬೆತ್ತದ ಚೌಕಟ್ಟಿಗೆ ಬಟ್ಟೆ ಹೊದಿಸಿ, ಸೊಂಟಕ್ಕೆ ಕಟ್ಟಿಕೊಂಡು ಕುಣಿಯುವ ಕುದುರೆವೇಷಕ್ಕೂ ಆ ಹೆಸರು ಅಂಟಿತು. ನಮ್ಮ ಕೀಲುಕುದುರೆಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂದೆ ಮಕ್ಕಳು ಕಾಲಸಂದಿಯಲ್ಲಿ ಸಿಕ್ಕಿಸಿಕೊಂಡು ಓಡುವ ಕೋಲುಕುದುರೆಯೂ 'ಹಾಬಿ ಹಾರ್ಸ್' ಆಯಿತು. ಎಷ್ಟು ಓಡಿಸಿದರೂ ಯಾವ ಊರನ್ನೂ ಮುಟ್ಟಿಸದೆ, ಸವಾರನಿಗೆ ಸುಖವನ್ನು ಮಾತ್ರ ಕೊಡುವ ಕುದುರೆ ಅದು! ಲಾರೆನ್ಸ್ ಸ್ಟರ್ನನ 'ಟ್ರಿಸ್ಟ್ರಮ್ ಶ್ಯಾಂಡಿ' ಕಾದಂಬರಿ 1759ರಿಂದ ಸಂಪುಟ ಸಂಪುಟವಾಗಿ ಹೊರಬಂದಿತಷ್ಟೆ. ಅದರಲ್ಲಿ ಯುದ್ಧದಲ್ಲಿ ಗಾಯಗೊಂಡು ಮರಳಿದ ಟೋಬಿ ಚಿಕ್ಕಪ್ಪನಿಗೆ ಕೋಟೆಗಳ ಮಾದರಿ ಕಟ್ಟುವ ಗೀಳು. ಆ ಗೀಳನ್ನೇ ಸ್ಟರ್ನ್ ಅವನ ಹಾಬಿ ಹಾರ್ಸ್ ಎಂದು ಕರೆದ. 19ನೆಯ ಶತಮಾನದಲ್ಲಿ ಕುದುರೆ ಕಳಚಿಹೋಗಿ ಹಾಬಿಯೊಂದೇ ಉಳಿಯಿತು. ಅದರೊಳಗಿದ್ದ ಪರಿಹಾಸವೂ ಮೆಲ್ಲಗೆ ಮಾಸಿ, ಅದು ಮರ್ಯಾದೆಯ ಮಾತಾಯಿತು.

ಕುದುರೆಯೇನೋ ಸಿಕ್ಕಿತು, ಸವಾರಿಗೆ ಹೊತ್ತು ಬೇಡವೇ? ಆ ಹೊತ್ತಿನ ಹೆಸರು ಲೆಷರ್. ಅದು ಫ್ರೆಂಚಿನ ಮೂಲಕ ಬಂದ ಮಾತು. ಅದರ ಬೇರು 'ಅನುಮತಿಯುಂಟು' ಎಂಬರ್ಥದ ಲ್ಯಾಟಿನ್ ಕ್ರಿಯಾಪದ. ಕಚೇರಿಯಲ್ಲಿ ನಾವು ಅರ್ಜಿ ಬರೆದು ಕೇಳುವ ಲೀವ್ ಎಂಬುದಕ್ಕೂ ಹಳೆಯ ಇಂಗ್ಲಿಷಿನಲ್ಲಿ ಅಪ್ಪಣೆಯೆಂದೇ ಅರ್ಥ. ನಮ್ಮ ರಜಾ ಎಂಬುದಾದರೂ 'ಒಪ್ಪಿಗೆ' ಎನ್ನುವ ಅರಬ್ಬಿ ಮಾತಿನಿಂದಲೇ ಬಂದದ್ದು. ಹೀಗೆ ಬೇರೆ ಬೇರೆ ಕುಲದ ನುಡಿಗಳು ಸೇರಿ ಒಂದೇ ಸಂಗತಿಯನ್ನು ಸಾರುತ್ತವೆ: ಬಿಡುವೆಂಬುದು ಇನ್ನೊಬ್ಬರು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಹಿಂದೆ ಅಲ್ಲಿ ದುಡಿಯುವವನಿಗೆ ಬಿಡುವು ಕೊಡುತ್ತಿದ್ದುದು ಪಂಚಾಂಗ. ಹಾಲಿಡೇ ಎಂದರೆ ಪವಿತ್ರ ದಿನ, ಸಂತರ ಹಬ್ಬ. 1536ರಲ್ಲಿ ಎಂಟನೆಯ ಹೆನ್ರಿಯ ಕಾಲದ ಕಟ್ಟಳೆಯೊಂದು ಸುಗ್ಗಿಯ ಕಾಲದ ಅನೇಕ ಹಬ್ಬಗಳನ್ನು ತೊಡೆದುಹಾಕಿತು. ಒಂದು ಕಾಲಕ್ಕೆ ವರ್ಷದಲ್ಲಿ 30ಕ್ಕೂ ಹೆಚ್ಚು ಹಬ್ಬದ ದಿನ ಮುಚ್ಚಿರುತ್ತಿದ್ದ ಬ್ಯಾಂಕ್ ಆಫ್ ಇಂಗ್ಲೆಂಡ್ 1834ರ ಹೊತ್ತಿಗೆ ಆ ರಜೆಗಳನ್ನು ನಾಲ್ಕಕ್ಕೆ ಇಳಿಸಿತ್ತು.

ಪಂಚಾಂಗದ ಸಂತರು ಮರೆಯಾದರೆ ಕುಶಲಕರ್ಮಿಗಳು ಸುಮ್ಮನಿದ್ದರೇ? ತಮ್ಮದೇ ಒಬ್ಬ ಸಂತನನ್ನು ಇಟ್ಟುಕೊಂಡಿದ್ದರು. ವಾರದ ಮೊದಲ ದಿನ ಕೆಲಸಕ್ಕೆ ಚಕ್ಕರ್ ಹೊಡೆಯುವುದಕ್ಕೆ ಅವರಿಟ್ಟ ಹೆಸರು 'ಸಂತ ಸೋಮವಾರ'! ಯಂತ್ರ ಬಂದ ಮೇಲೆ ಒಡೆಯರಿಗೆ ಈ ಸಂತನ ಕಾಟ ಸಹಿಸಲಾಗಲಿಲ್ಲ. ಸೋಮವಾರವನ್ನು ಕಸಿದುಕೊಳ್ಳಬೇಕಾದರೆ ಬದಲಿಗೆ ಏನಾದರೂ ಕೊಡಬೇಕಲ್ಲ. ಹಾಗೆ ಹಲವೆಡೆ ಕೊಟ್ಟದ್ದು ಶನಿವಾರದ ಅರ್ಧ ದಿನ. ಇತ್ತ ಕೆಲಸದ ಹೊತ್ತು ತಗ್ಗಿಸಲು ಹೋರಾಟವೂ ನಡೆದೇ ಇತ್ತು. ಬಟ್ಟೆ ಗಿರಣಿಗಳ ಹೆಂಗಸರೂ ಎಳೆಯರೂ ಶನಿವಾರ ಮಧ್ಯಾಹ್ನ 2 ಗಂಟೆಗೆ ಕೆಲಸ ನಿಲ್ಲಿಸಬೇಕೆಂದು 1850ರ ಕಾರ್ಖಾನೆ ಕಾಯಿದೆ ವಿಧಿಸಿತು. ವೀಕೆಂಡ್ ಎಂಬ ಮಾತು ಬಳಕೆಗೆ ಬಂದದ್ದು ಈ ಬಿಡುವಿನ ಹಿಂದೆಯೇ. 1879ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಅದನ್ನು ಸ್ಟಾಫರ್ಡ್‌ಷೈರಿನ ಆಡುಮಾತೆಂದು ಓದುಗರಿಗೆ ವಿವರಿಸಬೇಕಾಯಿತು!

1871ರಲ್ಲಿ ಬ್ಯಾಂಕ್ ರಜೆಗಳ ಕಾಯಿದೆಯನ್ನು ತಂದವನು ಜಾನ್ ಲಬಕ್. ಬ್ಯಾಂಕಿನ ಒಡೆಯ, ಪಾರ್ಲಿಮೆಂಟಿನ ಸದಸ್ಯ. ಉಳಿದ ಹೊತ್ತಿನಲ್ಲಿ ಇರುವೆ, ಜೇನ್ನೊಣಗಳನ್ನು ಸಾಕಿ ಪರೀಕ್ಷಿಸುತ್ತಿದ್ದವನು. ಹಾಬಿಯ ಸುಖವನ್ನು ಬಲ್ಲವನೇ ಪರರ ಬಿಡುವಿಗಾಗಿ ದುಡಿದನೆಂಬುದು ಒಪ್ಪುವ ಮಾತೇ. ಆಗಸ್ಟಿನ ರಜೆಯನ್ನು ಜನ 'ಸಂತ ಲಬಕ್ಕನ ದಿನ'ವೆಂದು ಕರೆದು ಅವನ ಋಣ ತೀರಿಸಿದರು.

ಕನ್ನಡದ ಬಿಡುವು 'ಬಿಡು' ಎಂಬ ಧಾತುವಿನಿಂದ ಬಂದದ್ದು. ಇದರಲ್ಲಿ ಅಪ್ಪಣೆಯ ಸೊಲ್ಲಿಲ್ಲ. ಆದರೆ ಬಿಡಬೇಕಾದವರು ಯಾರೆಂಬ ಪ್ರಶ್ನೆ ಇದ್ದೇ ಇದೆ. ಹೊತ್ತು ಮೂಡುವ ಮುನ್ನ ಎದ್ದು, ಊರು ಮಲಗುವವರೆಗೆ ಹೋಟೆಲಿನ ಲೋಟ ತೊಳೆಯುವವನಿಗೆ ಹಾಬಿಯ ಮಾತು ಕಲಿಸಿ ಏನು ಫಲ? ಅವನಿಗೆ ಮೊದಲು ದಕ್ಕಬೇಕಾದ್ದು ಶನಿವಾರದ ಆ 2 ಗಂಟೆ.