ಅಳೆಸಿಕೊಂಡ ನಾಡು ಅಳತೆ ಕಲಿತ ಬಗೆ

1847ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಗೋಲ್ಡ್‌ಸ್ಮಿಡ್, ವಿಂಗೇಟ್, ಡೇವಿಡ್‌ಸನ್ ಎಂಬ ಮೂವರು ಕಂಪನಿ ಸರಕಾರದ ಅಧಿಕಾರಿಗಳು ಒಂದು ಜಂಟಿ ವರದಿಗೆ ರುಜು ಹಾಕಿದರು. ಮುಂಬಯಿ ಪ್ರಾಂತ್ಯದ ಭೂಮಾಪನಕ್ಕೂ ಕಂದಾಯ ನಿಗದಿಗೂ ಅದೇ ಆಧಾರಗ್ರಂಥವಾಯಿತು. ಹುಬ್ಬಳ್ಳಿಯ ಎಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗದ ಪೂರ್ವಚರಿತ್ರೆ ಬರೆಯಹೊರಟವರು ಮೊದಲು ತೆರೆಯಬೇಕಾದ ಹಳೆಯ ಪುಸ್ತಕ ಇದೇ ಎಂದು ನಾನು ನಂಬಿದ್ದೇನೆ.

ಧಾರವಾಡದಿಂದ ಸವದತ್ತಿಗೆ ಹೋಗುವ ಹಾದಿಯಲ್ಲಿ ಅಮ್ಮಿನಬಾವಿ ಇದೆ. ಹಳೆಯ ಬಸದಿ, ಶಾಸನಗಳ ಊರು, ಸುತ್ತಲೂ ಎರೆಭೂಮಿ. ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಇಂಥ ಊರುಗಳ ಸೀಮೆಗೆ ಹೊಸ ಕಾಲದ ತಾಂತ್ರಿಕ ವಿದ್ಯೆಯಾಗಿ ಮೊದಲು ಬಂದದ್ದು ಸರ್ವೆಯ ಸರಪಳಿ. ಶಾಲೆ ಬಂದದ್ದು ಬಹಳ ತಡವಾಗಿ. ಮುಂಬಯಿ ಸರ್ವೆಯ ಆ ಸರಪಳಿಯ ಉದ್ದ 33 ಅಡಿ. ಅದರಲ್ಲಿ 16 ಭಾಗ. ಒಂದೊಂದು ಭಾಗಕ್ಕೂ ಆಣೆ ಎಂದೇ ಹೆಸರು. ಸರಪಳಿಯುದ್ದದ ಚೌಕ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಅಳತೆ ಮುಗಿದ ಮೇಲೆ ಮಣ್ಣಿನ ಪರೀಕ್ಷೆ. ಆಳವನ್ನು ಮೊಳದ ಲೆಕ್ಕದಲ್ಲಿ ನೋಡಿ, ಬಣ್ಣ ಮತ್ತು ಕಣ ಗಮನಿಸಿ ಭೂಮಿಯನ್ನು ಒಂಬತ್ತು ವರ್ಗವಾಗಿ ವಿಂಗಡಿಸಿದರು. ಉತ್ತಮ ಕಪ್ಪು ನೆಲಕ್ಕೆ 16 ಆಣೆಯ ಬೆಲೆ. ಸುಣ್ಣದ ಹರಳು ಕಂಡರೆ, ಮರಳು ಬೆರೆತಿದ್ದರೆ, ನೆಲ ಇಳಿಜಾರಾಗಿದ್ದರೆ ವರ್ಗ ಕೆಳಗಿಳಿಯುತ್ತಿತ್ತು. ತಲೆತಲಾಂತರದಿಂದ ಒಕ್ಕಲಿಗನ ಅಂಗೈಗೆ ಗೊತ್ತಿದ್ದ ಮಣ್ಣಿನ ಗುಣ ಹೀಗೆ ಅಂಕಿಯಾಗಿ ಸರಕಾರಿ ದಫ್ತರ ಸೇರಿತು. ನೆಲ ನಮ್ಮದು, ಅಳೆಯುವ ವಿದ್ಯೆ ಪರರದು.

ಅದೇ 1847ರಲ್ಲಿ ದೂರದ ರೂರ್ಕಿಯಲ್ಲಿ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. 1854ರಲ್ಲಿ ಪುಣೆಯಲ್ಲಿ ಅಂಥದೇ ತರಗತಿಗಳು ತೆರೆದವು. ನಮ್ಮ ಭಾಗಕ್ಕೆ ಬಂದದ್ದು ರೈಲು. 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ಕಂಪನಿ ಧಾರವಾಡದಲ್ಲಿ ತನ್ನ ಮುಖ್ಯ ಕಚೇರಿಯನ್ನೂ ಹುಬ್ಬಳ್ಳಿಯಲ್ಲಿ ದೊಡ್ಡ ಕಾರ್ಖಾನೆಯನ್ನೂ ಕಟ್ಟಿತು. ಕುಲುಮೆ, ಲೇತು, ಬಾಯ್ಲರು ಎಲ್ಲವೂ ಕಣ್ಣೆದುರಿಗೇ ಇದ್ದವು. ಪದವಿ ಕೊಡುವ ತರಗತಿ ಮಾತ್ರ ಇರಲಿಲ್ಲ. 1908ರಲ್ಲಿ ಕಂಪನಿ ಮದ್ರಾಸ್ ರೈಲ್ವೆಯೊಡನೆ ಕೂಡಿಕೊಂಡು ಮುಖ್ಯ ಕಚೇರಿ ಮದರಾಸಿಗೆ ಹೋಯಿತು. ಕಂಪನಿ ಬಿಟ್ಟುಹೋದ ಧಾರವಾಡದ ಆ ಭವ್ಯ ಕಟ್ಟಡವೇ ಮುಂದೆ ಕರ್ನಾಟಕ ಕಾಲೇಜಿನ ಮನೆಯಾಯಿತು. 1917ರಲ್ಲಿ ಆರಂಭವಾದ ಆ ಕಾಲೇಜಿಗಾಗಿ ಅರಟಾಳ ರುದ್ರಗೌಡರೂ ರೊದ್ದ ಶ್ರೀನಿವಾಸರಾಯರೂ ಪಟ್ಟ ಶ್ರಮ ನಾಡು ಮರೆಯಬಾರದ್ದು. ಆದರೂ ಎಂಜಿನಿಯರ್ ಆಗಬಯಸಿದ ಹುಡುಗ ಗಂಟುಮೂಟೆ ಕಟ್ಟಿ ಪುಣೆಗೋ ಮುಂಬಯಿಗೋ ಹೊರಡಲೇಬೇಕಿತ್ತು. ಪುಣೆಯ ಖರ್ಚು ತೂಗಿಸಲಾರದ ಮನೆಗಳಲ್ಲಿ ಎಷ್ಟೋ ಬುದ್ಧಿವಂತ ಮಕ್ಕಳ ಆಸೆ ಹೊಸ್ತಿಲಲ್ಲೇ ನಿಂತಿತು.

ಈ ಕೊರತೆ ನೀಗಿದ್ದು ಸರಕಾರದ ಹುಕುಮಿನಿಂದಲ್ಲ, ಜನರ ದಾನದಿಂದ. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಕೆ.ಎಲ್.ಇ. ಸಂಸ್ಥೆ ಕಟ್ಟಿದರು. ಬಸವನಾಳ, ಸಾಖರೆ, ಮಮದಾಪುರ, ಹಂಚಿನಾಳ, ಚಿಕ್ಕೋಡಿ, ಕಟ್ಟೀಮನಿ, ಪಾಟೀಲ ಎಂಬ ಮನೆತನದ ಹೆಸರಿನ ಆ ಏಳು ಮಂದಿಯನ್ನು ಈ ಭಾಗದವರು ಸಪ್ತರ್ಷಿಗಳೆಂದೇ ಸ್ಮರಿಸುತ್ತಾರೆ. 1947ರಲ್ಲಿ, ಜಂಟಿ ವರದಿಗೆ ಸರಿಯಾಗಿ ನೂರು ವರ್ಷ ತುಂಬಿದಾಗ, ಈ ಸಂಸ್ಥೆಯ ಆಶ್ರಯದಲ್ಲಿ ದಾನಿ ಭೂಮರಡ್ಡಿಯವರ ಹೆಸರಿನ ಎಂಜಿನಿಯರಿಂಗ್ ಕಾಲೇಜು ಹುಬ್ಬಳ್ಳಿಯಲ್ಲಿ ತಲೆಯೆತ್ತಿತು. ಊರವರ ಬಾಯಲ್ಲಿ ಅದು ಬಿ.ವಿ.ಬಿ.; 2015ರಿಂದ ತಾಂತ್ರಿಕ ವಿಶ್ವವಿದ್ಯಾಲಯ. ಸಿವಿಲ್ ವಿಭಾಗ ಆ ಕಾಲೇಜಿನಷ್ಟೇ ಹಳೆಯದು. ರಸ್ತೆ, ಸೇತುವೆ, ಕೆರೆ, ಕಾಲುವೆಗಳ ಲೆಕ್ಕವನ್ನು ಈ ನಾಡಿನ ಮಕ್ಕಳು ಈ ನಾಡಿನಲ್ಲೇ ಕುಳಿತು ಕಲಿತರು. 1950ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಮುಂಬಯಿಯಿಂದ ಧಾರವಾಡಕ್ಕೆ ಬಂದು ನೆಲೆಸಿದ ಮೇಲೆ ಅವರ ಪದವಿ ಪತ್ರಕ್ಕೆ ಮುಂಬಯಿಯ ಮೊಹರೂ ಬೇಕಾಗಲಿಲ್ಲ.