ಅಲ್ಬೇನಿಯಾದ ಸ್ಥಿತ್ಯಂತರ ಮತ್ತು 1997ರ ಠೇವಣಿ ದುರಂತ

ಕಮ್ಯುನಿಸ್ಟ್ ಆಳ್ವಿಕೆಯಿಂದ ಮಾರುಕಟ್ಟೆ ವ್ಯವಸ್ಥೆಗೆ ಹೊರಳಿದ ದೇಶಗಳ ಚರಿತ್ರೆಯಲ್ಲಿ ಪೋಲೆಂಡ್, ಹಂಗೇರಿಗಳ ಹೆಸರು ಮೊದಲು ಬರುತ್ತದೆ. ಅಲ್ಬೇನಿಯಾ ನೆನಪಾಗುವುದು ಬಹುಮಟ್ಟಿಗೆ ನಗೆಗೀಡಾದ ನಿದರ್ಶನವಾಗಿ: ದುರಾಸೆಗೆ ಬಿದ್ದು ಇಡೀ ನಾಡೇ ಮೋಸಹೋಯಿತೆಂದು. ಇದು ಅರ್ಧಸತ್ಯ. ಆ ಜನ ಯಾವುದನ್ನು, ಏಕೆ ನಂಬಿದರೆಂಬುದನ್ನು ತಿಳಿಯಲು ಹಿಂದಿನ ನಾಲ್ಕು ದಶಕಗಳತ್ತ ನೋಡಬೇಕು.

1944ರಲ್ಲಿ ಅಧಿಕಾರಕ್ಕೆ ಬಂದ ಎನ್ವರ್ ಹೋಜಾ 1985ರಲ್ಲಿ ತೀರಿಕೊಳ್ಳುವವರೆಗೂ ಆಳಿದ. ಅಲ್ಬೇನಿಯಾ 1948ರಲ್ಲಿ ಯುಗೊಸ್ಲಾವಿಯಾದಿಂದ, 1961ರಲ್ಲಿ ಸೋವಿಯತ್ ಒಕ್ಕೂಟದಿಂದ, 1978ರಲ್ಲಿ ಚೀನಾದಿಂದ ಸಂಬಂಧ ಕಡಿದುಕೊಂಡಿತು. 1967ರಲ್ಲಿ ಎಲ್ಲ ಧರ್ಮಗಳ ಆಚರಣೆಗೂ ನಿಷೇಧ ಬಿತ್ತು. 1976ರ ಸಂವಿಧಾನ ವಿದೇಶಿ ಸಾಲವನ್ನೇ ಅಪರಾಧವಾಗಿಸಿತು. ಹೊಲಗದ್ದೆಗಳಲ್ಲಿ ಲಕ್ಷಕ್ಕೂ ಮಿಕ್ಕ ಕಾಂಕ್ರೀಟ್ ಬಂಕರುಗಳು ಎದ್ದವು. ಬರಬೇಕಾದ ಶತ್ರು ಮಾತ್ರ ಬರಲಿಲ್ಲ. ಕೋಲ್ಕತ್ತೆಯ ಮದರ್ ತೆರೇಸಾ ಅಲ್ಬೇನಿಯನ್ ಮೂಲದವರು. ತಿರಾನದಲ್ಲಿದ್ದ ತಾಯಿ ಮತ್ತು ಅಕ್ಕ ಇಬ್ಬರೂ ಅವರನ್ನು ಮತ್ತೆ ಕಾಣದೆಯೇ ಕಣ್ಮುಚ್ಚಿದರು. ಅವರಿಗೆ ಆ ನೆಲದ ಪ್ರವೇಶ ದೊರೆತದ್ದು 1989ರಲ್ಲಿ. ಹೆಸರಾಂತ ಕಾದಂಬರಿಕಾರ ಇಸ್ಮಾಯಿಲ್ ಕಾದರೆ 1990ರಲ್ಲಿ ಫ್ರಾನ್ಸಿನ ಆಶ್ರಯ ಬೇಡಿದರು. ಕೋಟೆ ಅಷ್ಟುಹೊತ್ತಿಗೆ ಬಿರುಕು ಬಿಟ್ಟಿತ್ತು.

1991ರ ಕಾಯಿದೆ ಸಹಕಾರಿ ಕೃಷಿಕ್ಷೇತ್ರಗಳನ್ನು ಒಡೆದು ಉಳುವ ಕುಟುಂಬಗಳಿಗೆ ಹಂಚಿತು. ಮುಂದಿನ ಎರಡು ವರ್ಷಗಳಲ್ಲಿ ಪಟ್ಟಣಗಳ ಸರ್ಕಾರಿ ಮನೆಗಳು ಅವುಗಳಲ್ಲಿ ವಾಸವಿದ್ದವರ ಪಾಲಾದವು. ಹೀಗೆ ಒಂದು ತಲೆಮಾರು ಬದುಕಿನಲ್ಲಿ ಮೊದಲ ಬಾರಿಗೆ ‘ಸ್ವಂತದ್ದು’ ಎಂಬುದನ್ನು ಕಂಡಿತು. 1992ರ ಮಾರ್ಚಿಯಲ್ಲಿ ಡೆಮಾಕ್ರಟಿಕ್ ಪಕ್ಷ ಗೆದ್ದು ಸಾಲಿ ಬೆರಿಶಾ ಅಧ್ಯಕ್ಷರಾದರು. ಗ್ರೀಸ್, ಇಟಲಿಗಳಿಗೆ ದುಡಿಯಲು ಹೋದವರು ಹಣ ಕಳುಹಿಸತೊಡಗಿದರು. 1993ರಿಂದ ವರ್ಷಕ್ಕೆ ಶೇಕಡ 8ಕ್ಕೂ ಮಿಕ್ಕಿ ಬೆಳೆದ ಈ ಆರ್ಥಿಕತೆಯನ್ನು ಹೊರಗಿನ ತಜ್ಞರು ಮಾದರಿಯೆಂದು ಹೊಗಳಿದರು.

ಹೊಗಳಿದವರು ಬ್ಯಾಂಕುಗಳ ಸ್ಥಿತಿಗೆ ಸಾಕಷ್ಟು ಮಹತ್ವ ಕೊಡಲಿಲ್ಲ. ಮರುಪಾವತಿಯಾಗದ ಸಾಲಗಳಿಂದ ಕುಗ್ಗಿದ್ದ ಸರ್ಕಾರಿ ಬ್ಯಾಂಕುಗಳು ಹೊಸ ಸಾಲ ಕೊಡುವ ಸ್ಥಿತಿಯಲ್ಲಿರಲಿಲ್ಲ. ಆ ತೆರಪನ್ನು ತುಂಬಿದವು ಖಾಸಗಿ ಠೇವಣಿ ಸಂಸ್ಥೆಗಳು. ವೆಫಾದಂಥವು ಅಂಗಡಿ, ಕಾರ್ಖಾನೆಗಳನ್ನು ನಿಜವಾಗಿಯೂ ನಡೆಸುತ್ತಿದ್ದವು. ಸೂದೆ, ಜಫೇರಿ, ಪೋಪುಲ್ಲಿಗಳಿಗೆ ಹೇಳಿಕೊಳ್ಳುವಂಥ ಆಸ್ತಿಯೇ ಇರಲಿಲ್ಲ. ಇಂದು ಬಂದವನ ಹಣವೇ ನೆನ್ನೆ ಬಂದವನ ಬಡ್ಡಿ. ತಿಂಗಳಿಗೆ ಶೇಕಡ 4–5ರಷ್ಟಿದ್ದ ಬಡ್ಡಿ 1996ರಲ್ಲಿ ಏರುತ್ತಾ ಹೋಯಿತು. ಜಫೇರಿ ಮೂರು ತಿಂಗಳಲ್ಲಿ ಹಣವನ್ನು ಮೂರು ಪಟ್ಟು ಮಾಡುವೆನೆಂದಿತು. ಸೂದೆ ಎರಡು ತಿಂಗಳಲ್ಲಿ ಇಮ್ಮಡಿ ಎಂದಿತು. ಸುಮಾರು 35 ಲಕ್ಷ ಜನರ ದೇಶದಲ್ಲಿ ಜಫೇರಿ, ಪೋಪುಲ್ಲಿ ಎರಡಕ್ಕೇ ಸೇರಿ 20 ಲಕ್ಷದಷ್ಟು ಠೇವಣಿದಾರರು! ಎಲ್ಲ ಸಂಸ್ಥೆಗಳ ಒಟ್ಟು ಹೊಣೆ 120 ಕೋಟಿ ಡಾಲರ್ ಮುಟ್ಟಿತು, ಎಂದರೆ ರಾಷ್ಟ್ರೀಯ ಉತ್ಪನ್ನದ ಸರಿಸುಮಾರು ಅರ್ಧ. ಪಟ್ಟಣಿಗರು ಮೂರ್ನಾಲ್ಕು ವರ್ಷದ ಹಿಂದಷ್ಟೇ ತಮ್ಮದಾದ ಮನೆ ಮಾರಿದರು, ರೈತರು ದನಕುರಿಗಳನ್ನು ಕಸಾಯಿಖಾನೆಗೆ ಅಟ್ಟಿದರು.

ಪ್ರಭುತ್ವವೇ ಎಲ್ಲವನ್ನೂ ನಿಯಂತ್ರಿಸುತ್ತಿದ್ದ ನಾಡಿನಲ್ಲಿ ಬೆಳೆದವರಿಗೆ, ಬಹಿರಂಗವಾಗಿ ನಡೆಯುವ ವ್ಯವಹಾರಕ್ಕೆ ಅದರ ಸಮ್ಮತಿ ಇದ್ದೇ ಇರುತ್ತದೆಂಬುದು ಸಹಜ ತರ್ಕ. ಬಡ್ಡಿ, ನಷ್ಟ, ದಿವಾಳಿಗಳ ಅನುಭವ ಅವರಿಗಿರಲಿಲ್ಲ. ಕೆಲವು ಸಂಸ್ಥೆಗಳು ಆಳುವ ಪಕ್ಷದ ಚುನಾವಣೆಗೆ ಹಣ ಕೊಟ್ಟಿದ್ದವು. 1996ರ ಕೊನೆಯಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿ ಎಚ್ಚರಿಸಿದಾಗ ಅಧ್ಯಕ್ಷರೇ ಸಂಸ್ಥೆಗಳ ಪರ ಮಾತಾಡಿದರು. ಹೊಣೆಯ ಹೆಚ್ಚಿನ ಪಾಲು ಠೇವಣಿ ಇಟ್ಟವರದಲ್ಲ. ಸುಮ್ಮನಿದ್ದು ಒಪ್ಪಿಗೆಯ ಭ್ರಮೆ ಹುಟ್ಟಿಸಿದ ಸರ್ಕಾರದ್ದು.

1997ರ ಜನವರಿಯಲ್ಲಿ ಸೂದೆ ದಿವಾಳಿಯಾಯಿತು, ಉಳಿದವು ಹಿಂಬಾಲಿಸಿದವು. ವ್ಲೋರ ಮೊದಲಾದ ದಕ್ಷಿಣದ ಪಟ್ಟಣಗಳು ದಂಗೆಯೆದ್ದವು. ಜನ ಸೇನೆಯ ಉಗ್ರಾಣಗಳನ್ನು ಒಡೆದು ಲಕ್ಷಾಂತರ ಬಂದೂಕುಗಳನ್ನು ಹೊತ್ತೊಯ್ದರು. ಶತ್ರುವಿಗೆಂದು ಹೋಜಾ ಕೂಡಿಟ್ಟಿದ್ದ ಆಯುಧಗಳಿಂದ ಅಲ್ಬೇನಿಯನ್ನರೇ ಸತ್ತರು, ಸುಮಾರು 2,000 ಮಂದಿ. ಏಪ್ರಿಲಿನಲ್ಲಿ ಇಟಲಿಯ ನೇತೃತ್ವದ ಬಹುರಾಷ್ಟ್ರೀಯ ಪಡೆ ಬಂದಿಳಿಯಿತು. ಜೂನಿನ ಚುನಾವಣೆಯಲ್ಲಿ ಹಳೆಯ ಕಮ್ಯುನಿಸ್ಟ್ ಪಕ್ಷದ ಉತ್ತರಾಧಿಕಾರಿಗಳಾದ ಸೋಷಲಿಸ್ಟರು ಗೆದ್ದರು. ಠೇವಣಿದಾರರಿಗೆ ಮರಳಿದ್ದು ಇಟ್ಟ ಹಣದ ಸಣ್ಣ ಅಂಶವಷ್ಟೇ. ಜುಲೈಯಲ್ಲಿ ಪದವಿ ಬಿಟ್ಟ ಬೆರಿಶಾ 2005ರಲ್ಲಿ ಅದೇ ಮತದಾರರಿಂದ ಪ್ರಧಾನಿಯಾಗಿ ಮರಳಿ ಬಂದು, 2013ರವರೆಗೆ ಆಳಿದರು.