ಹೃದಯ ಹೊಲಿದ ಮೇಲೆ ಕೂಸಿಗೆ ಉಣಿಸುವ ಬಗೆ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ದಾರಿಯಲ್ಲಿ ರಾಯಾಪುರ ಬರುತ್ತದೆ. ಶಾಲೆಯ ಮಕ್ಕಳಿಗೆ ಮಧ್ಯಾಹ್ನದ ಊಟ ಬೇಯಿಸುವ ಅಕ್ಷಯ ಪಾತ್ರೆಯ ದೊಡ್ಡ ಅಡಿಗೆಮನೆ ಅಲ್ಲಿದೆ. ತುಸು ಮುಂದೆ ಸತ್ತೂರಿನಲ್ಲಿ ಹೃದಯದ ಶಸ್ತ್ರಚಿಕಿತ್ಸೆ ನಡೆಯುವ ಆಸ್ಪತ್ರೆಯಿದೆ. ಅನ್ನಕ್ಕೂ ಹೃದಯಕ್ಕೂ ಇರುವ ನಂಟಿನ ಕಥೆಯನ್ನು ಈ ಹೊತ್ತು ನಿಮ್ಮ ಮುಂದಿಡುತ್ತೇನೆ.

ಬೇಳೆ, ಹಾಲು, ಮೊಟ್ಟೆಗಳಲ್ಲಿರುವ ಪ್ರೋಟೀನನ್ನು ನಮ್ಮ ಹಳೆಯ ಪಠ್ಯಪುಸ್ತಕಗಳು ‘ಸಸಾರಜನಕ’ವೆಂದು ಕರೆದವು. ಸಾರಜನಕವನ್ನು ಒಳಗೊಂಡದ್ದು ಎಂದು ಅರ್ಥ. ಹೆಸರೇ ಗುಟ್ಟನ್ನು ಹೇಳುತ್ತದೆ. ಅಕ್ಷರಗಳು ಕೂಡಿ ಪದವಾಗುವಂತೆ, 20 ಬಗೆಯ ಅಮೈನೋ ಆಮ್ಲಗಳು ಕೂಡಿ ಪ್ರೋಟೀನಾಗುತ್ತದೆ. ಇವುಗಳಲ್ಲಿ ಮೊದಲನೆಯದು 1806ರಲ್ಲಿ ಪ್ಯಾರಿಸಿನಲ್ಲಿ, ನಮ್ಮ ಶತಾವರಿಯ ಬಳಗದ ಒಂದು ಸಸ್ಯದ ರಸದಲ್ಲಿ ದೊರೆಯಿತು. ಕಡೆಯದಾದ ಥ್ರಿಯೋನಿನ್ 1935ರಲ್ಲಿ ಅಮೆರಿಕದ ವಿಲಿಯಂ ರೋಸ್ ಅವರ ಕೈಸೇರಿತು.

ಇನ್ನು ಗಾಯದ ಮಾತು. 1930ರ ಸುಮಾರಿಗೆ ಗ್ಲಾಸ್ಗೋ ನಗರದಲ್ಲಿ ಡೇವಿಡ್ ಕತ್‌ಬರ್ಟ್‌ಸನ್ ಎಂಬವರು ಎಲುಬು ಮುರಿದವರ ಮೂತ್ರವನ್ನು ಪರೀಕ್ಷಿಸಿದರು. ಅದರಲ್ಲಿ ಸಾರಜನಕ ಮಿತಿಮೀರಿತ್ತು. ಎಲ್ಲಿಂದ ಬಂತು? ರೋಗಿಯ ಸ್ವಂತ ಸ್ನಾಯುಗಳಿಂದ! ಗಾಯಗೊಂಡ ದೇಹವು ಸ್ನಾಯುವನ್ನು ಕರಗಿಸಿ, ಅಮೈನೋ ಆಮ್ಲಗಳನ್ನು ಯಕೃತ್ತಿಗೆ ಕಳಿಸುತ್ತದೆ. ಅಲ್ಲಿ ಅವುಗಳಿಂದ ಸಕ್ಕರೆಯೂ ರಕ್ಷಣೆಯ ಪ್ರೋಟೀನುಗಳೂ ಆಗುತ್ತವೆ. ಮಿಕ್ಕ ಸಾರಜನಕ ಯೂರಿಯವಾಗಿ ಹೊರಬೀಳುತ್ತದೆ. ಮನೆಗೆ ಕಷ್ಟ ಬಂದಾಗ ತೊಲೆಯನ್ನೇ ಸೀಳಿ ಒಲೆಗೆ ಹಾಕಿದಂತಾಯಿತು.

1953ರ ಮೇ 6ರಂದು ಫಿಲಡೆಲ್ಫಿಯದಲ್ಲಿ ಜಾನ್ ಗಿಬ್ಬನ್ ಅವರು ಹೃದಯ-ಶ್ವಾಸಕೋಶ ಯಂತ್ರದ ನೆರವಿನಿಂದ 18 ವರ್ಷದ ಯುವತಿಯ ಹೃದಯದ ರಂಧ್ರವನ್ನು ಮುಚ್ಚಿದರು. ಮುಂದೆ ಹಸುಗೂಸುಗಳಿಗೂ ಈ ಚಿಕಿತ್ಸೆ ಬಂತು. ನಮ್ಮ ನಾಡಿನಲ್ಲಿ 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆಯಿಂದ ರೈತಾಪಿ ಮನೆಗಳಿಗೂ ಹೃದಯದ ಶಸ್ತ್ರಚಿಕಿತ್ಸೆ ಎಟುಕಿತು.

ಆದರೆ ಹೃದಯ ಹೊಲಿದ ಮಾತ್ರಕ್ಕೆ ಕೂಸು ಗೆದ್ದಂತಲ್ಲ. ಹೃದ್ರೋಗದ ಕೂಸು ಹಾಲು ಚೀಪಲೂ ದಣಿಯುತ್ತದೆ, ಮೊದಲೇ ಬಡಕಲು. ಶಸ್ತ್ರಚಿಕಿತ್ಸೆಯಾದ ಮೇಲೆ ಇರುವಷ್ಟು ಸ್ನಾಯುವೂ ಕರಗತೊಡಗುತ್ತದೆ. ಹೃದಯಕ್ಕೆ ಭಾರವಾದೀತೆಂದು ದ್ರವವನ್ನೂ ಅಳೆದೇ ಕೊಡಬೇಕು. ಹಾಗಾದರೆ ಉಣಿಸುವುದು ಹೇಗೆ?

1960ರ ದಶಕದ ಕೊನೆಯಲ್ಲಿ ಸ್ಟಾನ್ಲಿ ಡುಡ್ರಿಕ್ ಮತ್ತು ಸಂಗಡಿಗರು, ಕರುಳಿನಿಂದ ಉಣ್ಣಲಾಗದ ಕೂಸನ್ನು ರಕ್ತನಾಳದ ಮೂಲಕವೇ ಪೋಷಿಸಬಹುದೆಂದು ತೋರಿಸಿದರು. ಅಮೈನೋ ಆಮ್ಲಗಳ ದ್ರಾವಣ ಸೀಸೆಯಲ್ಲಿ ಬಂತು. ಬೇಗ ಕೊಟ್ಟಷ್ಟೂ ಒಳ್ಳೆಯದೆಂದು ಬಹುಮಂದಿ ಬಗೆದರು.

ಈ ನಂಬಿಕೆ 2016ರಲ್ಲಿ ಅಲುಗಿತು. ಬೆಲ್ಜಿಯಂ, ನೆದರ್ಲೆಂಡ್ಸ್ ಮತ್ತು ಕೆನಡಾಗಳಲ್ಲಿ ತೀವ್ರನಿಗಾ ಘಟಕದ 1440 ಮಕ್ಕಳನ್ನು ಎರಡು ಗುಂಪು ಮಾಡಿದ್ದರು. ಹೃದಯದ ಶಸ್ತ್ರಚಿಕಿತ್ಸೆಯಾದ ಮಕ್ಕಳೂ ಅವರಲ್ಲಿದ್ದರು. ಒಂದು ಗುಂಪಿಗೆ ರಕ್ತನಾಳದ ಪೋಷಣೆಯನ್ನು ಮೊದಲ ದಿನವೇ ತೊಡಗಿದರು. ಇನ್ನೊಂದಕ್ಕೆ ಒಂದು ವಾರ ತಡೆದರು. ಕರುಳಿನ ಮೂಲಕ ಉಣಿಸುವುದನ್ನು ಯಾರಿಗೂ ನಿಲ್ಲಿಸಲಿಲ್ಲ. ಹೊಸ ಸೋಂಕು ಮೊದಲ ಗುಂಪಿನಲ್ಲಿ ನೂರಕ್ಕೆ 18.5, ತಡೆದವರಲ್ಲಿ 10.7! ತಡೆದವರೇ ಬೇಗ ಚೇತರಿಸಿಕೊಂಡರು. ಮೊದಲ ದಿನಗಳಲ್ಲಿ ನಾಳಕ್ಕೆ ಹರಿಸಿದ ಅಮೈನೋ ಆಮ್ಲವೇ ಕೇಡಿಗೆ ನಂಟಾಗಿ ಕಂಡಿತು.

ಹಾಗೆಂದು ಪ್ರೋಟೀನು ಬೇಡವೆಂದಲ್ಲ. 2017ರ ಅಮೆರಿಕದ ವೈದ್ಯ ಸಂಘಗಳ ಮಾರ್ಗಸೂಚಿಯು ತೀವ್ರ ಅಸ್ವಸ್ಥ ಮಕ್ಕಳಿಗೆ ದಿನಕ್ಕೆ ಕಿಲೋ ತೂಕಕ್ಕೆ ಕನಿಷ್ಠ 1.5 ಗ್ರಾಂ ಪ್ರೋಟೀನು ಬೇಕೆನ್ನುತ್ತದೆ; ಸಾಧ್ಯವಾದರೆ ಕರುಳಿನ ಮೂಲಕವೇ ಕೊಡಬೇಕೆನ್ನುತ್ತದೆ. 10 ಕಿಲೋ ಮಗುವಿಗೆ ಇದು 15 ಗ್ರಾಂ. ಅರ್ಧ ಲೀಟರು ಆಕಳ ಹಾಲಿನಲ್ಲಿ ಸುಮಾರು ಅಷ್ಟೇ ಇದೆ.

ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯಲ್ಲಿ ‘ಬಲ್ಲ’ ಎಂಬುದೇ ಮುಖ್ಯ. ಏನು, ಎಷ್ಟು, ಎಂದು, ಯಾವ ದಾರಿಯಿಂದ ಎಂಬ ನಾಲ್ಕನ್ನೂ ಬಲ್ಲವರೇ ಊಟ ಬಲ್ಲವರು. ನಿಮ್ಮ ಬಳಗದ ಕೂಸೊಂದು ಅಂಥ ಘಟಕದಲ್ಲಿದ್ದರೆ, ಕರುಳು ಚುರ್ರೆಂದರೂ ಕದ್ದು ಒಂದು ಚಮಚ ಗಂಜಿ ಕುಡಿಸಬೇಡಿರಿ. ಇಂದು ಎಷ್ಟು ಉಣಿಸುತ್ತೀರಿ ಎಂದು ವೈದ್ಯರನ್ನು ಅಳುಕದೆ ಕೇಳಿರಿ. ಆ ಪ್ರಶ್ನೆಯೂ ಶುಶ್ರೂಷೆಯೇ.